ಬೂದಿ ಬೆರೆತ ಹೊಳೆ ಅಳಿವೆ ತಲುಪಿದಾಗ

1980ರ ಮೇ 18, ಭಾನುವಾರ ಬೆಳಿಗ್ಗೆ 8 ಗಂಟೆ 32 ನಿಮಿಷಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತದ ಉತ್ತರದ ಮಗ್ಗುಲು ಕುಸಿದುಬಿತ್ತು. ಸುಮಾರು ಎರಡೂವರೆ ಘನ ಕಿಲೋಮೀಟರ್‌ನಷ್ಟು ಕಲ್ಲುಮಣ್ಣು ಕೆಳಗಿನ ಕಣಿವೆಯನ್ನು ತುಂಬಿತು. ಮರುಕ್ಷಣವೇ ಪರ್ವತ ಸಿಡಿಯಿತು. 57 ಜನ ಪ್ರಾಣ ಕಳೆದುಕೊಂಡರು. ಆಕಾಶಕ್ಕೆದ್ದ ಬೂದಿಯ ಕಂಬದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ನೆಲದ ಮೇಲೆ ನಡೆದದ್ದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕರಗಿದ ಹಿಮ, ಬೂದಿ, ಬಂಡೆಚೂರು, ಮುರಿದ ಮರಗಳು ಒಂದಾಗಿ ಕೆಸರಿನ ಮಹಾಪೂರವಾದವು. ಆ ಪೂರ ಟೂಟಲ್ ನದಿಯಲ್ಲಿ ಇಳಿದು, ಕೌಲಿಟ್ಜ್ ನದಿ ಹೊಕ್ಕು, ಕೊನೆಗೆ ಕೊಲಂಬಿಯಾ ಮಹಾನದಿಯನ್ನು ಸೇರಿತು. ಕೊಲಂಬಿಯಾದಲ್ಲಿ ಸರಕು ಹಡಗುಗಳು ಓಡಾಡುವ ದಾರಿಯ ಆಳ 12 ಮೀಟರ್ ಇದ್ದದ್ದು ನಾಲ್ಕು ಮೀಟರ್ ಚಿಲ್ಲರೆಗೆ ಇಳಿಯಿತು. ಮೇಲಿನ ಬಂದರುಗಳಲ್ಲಿದ್ದ 31 ಹಡಗುಗಳು ಸಮುದ್ರಕ್ಕೆ ಬರಲಾಗದೆ ಅಲ್ಲೇ ಉಳಿದವು.

ಕೌಲಿಟ್ಜ್ ನದಿ ಕೊಲಂಬಿಯಾವನ್ನು ಕೂಡುವ ಜಾಗ ಕಡಲಿನಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ಒಳಗಿದೆ. ಆದರೂ ಅಲ್ಲಿಯ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಪೆಸಿಫಿಕ್ ಸಾಗರದ ಉಬ್ಬರವಿಳಿತ ಇನ್ನೂ ಮೇಲೆ, ಬಾನೆವಿಲ್ ಅಣೆಕಟ್ಟಿನವರೆಗೂ ತಿಳಿಯುತ್ತದೆ. ಅಂದರೆ ಆ ಕೆಸರು ಬಂದು ಬಿದ್ದದ್ದು ಬರೀ ಹೊಳೆಗಲ್ಲ, ಒಂದು ದೊಡ್ಡ ಅಳಿವೆಯ ಮೇಲಿನ ತುದಿಗೆ.

ಜ್ವಾಲಾಮುಖಿಯಿಂದ ನೀರು ಕೆಡುತ್ತದೆ ಎಂದೊಡನೆ ನಮಗೆ ಮೊದಲು ಹೊಳೆಯುವುದು ಗಂಧಕ, ಆಮ್ಲ, ವಿಷ. ಅವೆಲ್ಲ ಇರುವುದು ನಿಜ. ಬೆಟ್ಟದ ಬುಡದ ತೊರೆ, ಕೆರೆ, ಬಾವಿಗಳಿಗೆ ಅವು ಪ್ರಾಣಾಂತಿಕವಾಗಬಲ್ಲವು. ಅಳಿವೆಯ ವಿಷಯ ಬೇರೆ. ಅಲ್ಲಿ ಆಮ್ಲದ ಕಾಟ ಹೆಚ್ಚಿನ ಕಡೆ ಕೆಲವು ದಿನಗಳ ಮಾತು. ವರ್ಷಗಟ್ಟಲೆ, ದಶಕಗಟ್ಟಲೆ ಕಾಡುವುದು ಹೂಳು, ಮತ್ತು ಆ ಹೂಳಿನೊಳಗೆ ನಡೆಯುತ್ತಲೇ ಇರುವ ರಾಸಾಯನಿಕ ಕ್ರಿಯೆ. ಹೀಗೇಕೆ ಎಂಬುದನ್ನು ಅರಿಯಲು ಅಳಿವೆಯ ನೀರಿನ ಸ್ವಭಾವವನ್ನೇ ಮೊದಲು ನೋಡಬೇಕು.

ಅಘನಾಶಿನಿಯೋ ಶರಾವತಿಯೋ ನೇತ್ರಾವತಿಯೋ, ನಮ್ಮ ಕರಾವಳಿಯವರಿಗೆ ಅಳಿವೆ ದಿನ ಬೆಳಗಾದರೆ ಕಾಣುವ ಜಾಗ. ಮೇಲುಗಡೆ ಸಿಹಿನೀರು ಕಡಲತ್ತ ಸರಿಯುತ್ತಿದ್ದರೆ, ತಳದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತಿರುತ್ತದೆ. ಒಂದು ಲೀಟರ್ ಸಾಧಾರಣ ಹೊಳೆನೀರಿನಲ್ಲಿ ಕರಗಿರುವ ಲವಣ ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು. ಸಮುದ್ರದ ನೀರಿನಲ್ಲಿ ಅದು ಸುಮಾರು 35 ಗ್ರಾಂ. ಹೊಳೆನೀರಿನ ಪಿಎಚ್, ಅಂದರೆ ಹುಳಿಯ ಅಳತೆ (ಇಳಿದಷ್ಟೂ ಹುಳಿ ಹೆಚ್ಚು), ನೆಲದ ಗುಣಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಕಡಲಿನದು ಎಂಟರ ಆಚೀಚೆ ನಿಂತಿರುತ್ತದೆ. ಇಷ್ಟು ಭಿನ್ನವಾದ ಎರಡು ನೀರು ಕೆಲವೇ ಕಿಲೋಮೀಟರ್ ಅಂತರದಲ್ಲಿ ಬೆರೆಯುವಾಗ, ಹೊಳೆ ಹೊತ್ತು ತಂದದ್ದೆಲ್ಲ ಹಾಗೆ ಹಾಗೇ ಕಡಲು ಸೇರುವುದಿಲ್ಲ.

1970ರ ದಶಕದಲ್ಲಿ ಎಡ್ವರ್ಡ್ ಶಾಲ್ಕೊವಿಟ್ಜ್ ಎಂಬ ವಿಜ್ಞಾನಿ ಇದನ್ನು ತೀರಾ ಸರಳವಾದ ಒಂದು ಪ್ರಯೋಗದಿಂದ ತೋರಿಸಿದರು. ಸ್ಕಾಟ್ಲೆಂಡಿನ ಕೆಲವು ಹೊಳೆಗಳ ನೀರು ತಂದು ಸೂಕ್ಷ್ಮವಾಗಿ ಸೋಸಿದರು. ಹೀಗೆ ಸೋಸಿದ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಸಮುದ್ರದ ನೀರು ಬೆರೆಸಿದಾಗ ಸಣ್ಣ ಸಣ್ಣ ಚೂರುಗಳು ಕಾಣಿಸಿಕೊಂಡವು. ಅವು ಕಬ್ಬಿಣ, ಅಲ್ಯೂಮಿನಿಯಂ, ಮ್ಯಾಂಗನೀಸ್, ಕೊಳೆತ ಎಲೆಮಣ್ಣಿನ ಸಾರ ಒಂದಕ್ಕೊಂದು ಅಂಟಿಕೊಂಡು ಆದವು. ಹೊಳೆಯಲ್ಲಿ ತೇಲುವ ಅತಿಸೂಕ್ಷ್ಮ ಕಣಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಪರಸ್ಪರ ದೂರ ತಳ್ಳಿಕೊಂಡು ಬಿಡಿಬಿಡಿಯಾಗಿ ಉಳಿಯುತ್ತವೆ. ಕಡಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಸುತ್ತ ಬಂದೊಡನೆ ಆ ತಳ್ಳಾಟ ನಿಲ್ಲುತ್ತದೆ. ಕಣಗಳು ಗುಂಪುಗೂಡಿ ತೂಕ ಪಡೆದು ತಳಕ್ಕಿಳಿಯುತ್ತವೆ. ನೀರು ಇನ್ನೂ ನಾಲಿಗೆಗೆ ಸಪ್ಪೆ ಎನ್ನಿಸುವ ಹಂತದಲ್ಲೇ ಇದು ಶುರುವಾಗುತ್ತದೆ. ಹೊಳೆ ತಂದ ಕರಗಿದ ಕಬ್ಬಿಣದ ದೊಡ್ಡ ಪಾಲು ಹೀಗೆ ಅಳಿವೆಯಲ್ಲೇ ಉಳಿದುಬಿಡುತ್ತದೆ, ತೆರೆದ ಕಡಲಿಗೆ ಹೋಗುವುದು ಸ್ವಲ್ಪವೇ. ಜ್ವಾಲಾಮುಖಿ ಹೊಳೆಗೆ ಏನೇ ಸುರಿಯಲಿ, ಅದೆಲ್ಲ ಈ ತಡೆಯನ್ನು ದಾಟಿಯೇ ಕಡಲು ಸೇರಬೇಕು.

ಹಾಗಾದರೆ ಅದು ಸುರಿಯುವುದಾದರೂ ಏನನ್ನು? ಜ್ವಾಲಾಮುಖಿಯ ಬೂದಿ ಉರಿದು ಉಳಿದ ಪದಾರ್ಥವಲ್ಲ. ಅದು ನುಣ್ಣಗೆ ಪುಡಿಯಾದ ಬಂಡೆ, ಹರಳು ಮತ್ತು ಗಾಜು. ಕರಗಿದ ಶಿಲೆಯೊಳಗಿನ ಅನಿಲಗಳು ಒಮ್ಮೆಲೇ ಹಿಗ್ಗಿ ಸಿಡಿದಾಗ ಶಿಲೆ ಚೂರುಚೂರಾಗಿ ಕ್ಷಣದಲ್ಲಿ ತಣಿದು ಗಾಜಾಗುತ್ತದೆ. ಜೊತೆಯಲ್ಲೇ ಹೊರಬಂದ ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಫ್ಲೋರೈಡ್ ಅನಿಲಗಳು ಹಬೆಯೊಂದಿಗೆ ಸೇರಿ ಆಮ್ಲದ ಹನಿಗಳಾಗಿ ಆ ಕಣಗಳ ಮೇಲೆ ಕೂರುತ್ತವೆ. ಆಮ್ಲ ಗಾಜಿನ ಮೇಲ್ಮೈಯನ್ನು ಕೊರೆದು ಅಲ್ಲಿಯ ಕ್ಯಾಲ್ಸಿಯಂ, ಸೋಡಿಯಂಗಳನ್ನು ಎಳೆದುಕೊಳ್ಳುತ್ತದೆ. ಹಾಗೆ ಬೂದಿಯ ಪ್ರತಿ ಕಣದ ಮೇಲೂ ಜಿಪ್ಸಂ, ಅಡುಗೆ ಉಪ್ಪು, ಫ್ಲೋರೈಡ್ ಸಂಯುಕ್ತಗಳ ತೆಳ್ಳನೆಯ ಲೇಪ ಕಟ್ಟುತ್ತದೆ. ಕಣ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಜಾಸ್ತಿ, ಲೇಪವೂ ಜಾಸ್ತಿ. ಆದ್ದರಿಂದ ಬೆಟ್ಟದಿಂದ ಬಹುದೂರ ಹಾರಿಹೋಗಿ ಬಿದ್ದ ನುಣುಪು ಬೂದಿ ಗ್ರಾಮಿನ ಲೆಕ್ಕದಲ್ಲಿ ಹೆಚ್ಚು ಲವಣ ಹೊತ್ತಿರುವುದುಂಟು. ಹತ್ತಿರದ ಊರಿಗಿಂತ ದೂರದ ಊರೇ ಸುರಕ್ಷಿತ ಎಂದು ಸುಮ್ಮನಿರುವ ಹಾಗಿಲ್ಲ.

ಈ ಲೇಪ ಮೊದಲ ಮಳೆಗೇ ತೊಳೆದುಹೋಗುತ್ತದೆ. ನಿಮಿಷಗಳಿಂದ ಗಂಟೆಗಳ ಒಳಗೆ ಸಲ್ಫೇಟ್, ಕ್ಲೋರೈಡ್, ಕ್ಯಾಲ್ಸಿಯಂ, ಫ್ಲೋರೈಡ್ ನೀರಿಗಿಳಿದು ಪಿಎಚ್ ಕುಸಿಯುತ್ತದೆ. ಸಣ್ಣ ತೊರೆಗಳಲ್ಲಿ ಮೀನು ಸಾಯುವುದು ಈ ಹೊತ್ತಿನಲ್ಲಿ. ಜ್ವಾಲಾಮುಖಿಯ ಫ್ಲೋರೈಡಿನ ಹಾವಳಿಯನ್ನು ಐಸ್‌ಲ್ಯಾಂಡಿನ ಜನ ಚೆನ್ನಾಗಿ ಕಂಡವರು. 1783ರಲ್ಲಿ ಲಾಕಿ ಬಿರುಕು ಬಾಯಿಬಿಟ್ಟು ಎಂಟು ತಿಂಗಳು ಉಗುಳಿದಾಗ ಅಲ್ಲಿನ ಹುಲ್ಲು, ನೀರು ಎರಡೂ ಫ್ಲೋರೈಡಿನಿಂದ ಕೆಟ್ಟವು. ದೇಶದ ಕುರಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸತ್ತವು. ಆಮೇಲೆ ಬಂದ ಬರಗಾಲದಲ್ಲಿ ಐದರಲ್ಲಿ ಒಬ್ಬರಷ್ಟು ಜನ ಅಳಿದರು. ಪಾವಗಡ, ಕೋಲಾರದ ಕಡೆ ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಿದವರನ್ನು, ಮೂಳೆ ಬಾಗಿದವರನ್ನು ಕಂಡವರಿಗೆ ಫ್ಲೋರೈಡ್ ಎಂದರೇನೆಂದು ವಿವರಿಸಬೇಕಿಲ್ಲ. ಅಲ್ಲಿ ಅದು ಹಳೆಯ ಗ್ರಾನೈಟ್ ಶಿಲೆಯಿಂದ ನಿಧಾನವಾಗಿ ಬರುತ್ತದೆ, ಐಸ್‌ಲ್ಯಾಂಡಿನಲ್ಲಿ ಆಕಾಶದಿಂದ ಒಮ್ಮೆಗೇ ಬಿತ್ತು.

ಅಳಿವೆಗೆ ಬಂದಾಗ ಈ ಆಮ್ಲದ ಗತಿ ಏನು? ಲೆಕ್ಕ ಹಾಕಿಯೇ ನೋಡಬಹುದು. ಸಮುದ್ರದ ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿದೆ. ಒಂದು ಲೀಟರ್ ಕಡಲ ನೀರು ಸುಮಾರು 2.3 ಮಿಲಿಮೋಲ್ ಆಮ್ಲವನ್ನು ಅರಗಿಸಿಕೊಳ್ಳಬಲ್ಲದು. ಪಿಎಚ್ 3ಕ್ಕೆ ಇಳಿದ, ಅಂದರೆ ಮೀನು ಬದುಕಲಾರದಷ್ಟು ಹುಳಿಯಾದ ಒಂದು ಲೀಟರ್ ಹೊಳೆನೀರಿನಲ್ಲಿರುವುದು 1 ಮಿಲಿಮೋಲ್ ಆಮ್ಲ. ಹೀಗೆ ಒಂದು ಲೀಟರ್ ಕಡಲ ನೀರು ಅಂಥ ಎರಡು ಲೀಟರ್ ಹೊಳೆನೀರಿನ ಆಮ್ಲವನ್ನು ಸರಿದೂಗಿಸುತ್ತದೆ. ಬೈಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಉಬ್ಬರ ದಿನಕ್ಕೆರಡು ಸಲ ಹೊಸ ನೀರು ತರುವ ಕಡೆ ಕೆಲವು ದಿನಗಳ ಆಮ್ಲದ ಹೊಡೆತಕ್ಕೆ ಅಳಿವೆ ಅಲ್ಲಾಡುವುದಿಲ್ಲ.

ಆಮ್ಲ ಒಮ್ಮೆ ಬಂದು ನಿಲ್ಲದೆ ನಿತ್ಯ ಹರಿದುಬರುವ ಕಡೆ ಮಾತ್ರ ಕತೆ ಬೇರೆ. ಪೂರ್ವ ಜಾವಾದ ಕಾವಾ ಇಜೆನ್ ಜ್ವಾಲಾಮುಖಿಯ ಬಾಯಲ್ಲೊಂದು ಸರೋವರವಿದೆ. ನೋಡಲು ಹಸಿರುನೀಲಿ, ಮನಮೋಹಕ. ಅದರ ಪಿಎಚ್ 0.3ಕ್ಕಿಂತಲೂ ಕಡಿಮೆ. ತಳದಿಂದ ಏರುವ ಅನಿಲಗಳು ಅದನ್ನು ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ ಮಾಡಿವೆ. ಆ ಸರೋವರದಿಂದ ಜಿನುಗುವ ನೀರೇ ಬಾನ್ಯುಪಹಿತ್ ಹೊಳೆಯ ಮೂಲ. ಸುಮಾರು 45 ಕಿಲೋಮೀಟರ್ ಹರಿದು ಅಸೆಂಬಾಗುಸ್ ಬಯಲು ದಾಟಿ ಜಾವಾದ ಉತ್ತರ ಕರಾವಳಿ ಸೇರುವ ಈ ಹೊಳೆ, ದಾರಿಯಲ್ಲಿ ಬೇರೆ ತೊರೆಗಳ ನೀರು ಕೂಡಿಕೊಂಡರೂ ಬಯಲಿಗಿಳಿಯುವಾಗ ಪಿಎಚ್ 2.5ರಿಂದ 3.5ರ ನಡುವೆ ಇರುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಆ ಬಯಲಿನ ಗದ್ದೆಗಳಿಗೆ ಇದೇ ನೀರು ಹಾಯುತ್ತದೆ. ಸುತ್ತಲಿನ ಬಾವಿಗಳಿಗೂ ಫ್ಲೋರೈಡ್ ಇಳಿದು, ಊರವರ ಹಲ್ಲುಗಳ ಮೇಲೆ ಅದರ ಗುರುತು ಮೂಡಿದೆ.

ಮೇಲಿನ ಲೆಕ್ಕವನ್ನೇ ಇಲ್ಲಿಗೆ ಹಚ್ಚಿದರೆ, ಕಾವಾ ಇಜೆನ್ ಸರೋವರದ ಒಂದು ಲೀಟರ್ ನೀರನ್ನು ಸರಿಪಡಿಸಲು ಇನ್ನೂರಕ್ಕೂ ಮಿಕ್ಕಿ ಲೀಟರ್ ಕಡಲ ನೀರು ಬೇಕು. ಅದೂ ಕನಿಷ್ಠ. ಏಕೆಂದರೆ ಅಂಥ ನೀರಿನಲ್ಲಿ ಕರಗಿರುವ ಅಲ್ಯೂಮಿನಿಯಂ, ಕಬ್ಬಿಣಗಳು ಪಿಎಚ್ ಏರುತ್ತ ಹೋದಂತೆ ಹೈಡ್ರಾಕ್ಸೈಡ್ ಆಗಿ ಬೇರ್ಪಡುವಾಗ ಮತ್ತಷ್ಟು ಆಮ್ಲ ಬಿಡುತ್ತವೆ. ಇಂಥ ನೀರು ತಿಳಿಯಾಗುತ್ತ ಹೋದಂತೆ ಮೊದಲು ಕಬ್ಬಿಣ ಕಾವಿಬಣ್ಣದ ಗಸಿಯಾಗಿ ಕಲ್ಲುಗಳಿಗೆ ಮೆತ್ತುತ್ತದೆ, ಪಿಎಚ್ ಇನ್ನಷ್ಟು ಏರಿದ ಮೇಲೆ ಅಲ್ಯೂಮಿನಿಯಂ ಬಿಳಿ ಗಸಿಯಾಗಿ ಇಳಿಯುತ್ತದೆ. ಮೀನಿನ ಕಿವಿರಿಗೆ ಆಮ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಈ ಅಲ್ಯೂಮಿನಿಯಂ. ಜಪಾನಿನ ಕುಸಾತ್ಸು ಊರಿನವರು ತಮ್ಮ ಜ್ವಾಲಾಮುಖಿಯಿಂದ ಬರುವ ಹುಳಿಹೊಳೆಗೆ 1960ರ ದಶಕದಿಂದ ಹಗಲೂ ರಾತ್ರಿ ಸುಣ್ಣಕಲ್ಲಿನ ಪುಡಿ ಕದಡಿದ ನೀರು ಸುರಿಯುತ್ತಿದ್ದಾರೆ. ಕೆಳಗಿನ ಸೇತುವೆಗಳ ಕಾಂಕ್ರೀಟು ಸವೆಯದಿರಲಿ, ಗದ್ದೆಗೆ ನೀರಾಗಲಿ, ಮೀನು ಬರಲಿ ಎಂದು ಕಟ್ಟಿಕೊಂಡ ವ್ಯವಸ್ಥೆ ಅದು. ಕಡಲು ತಾನಾಗಿಯೇ ಮಾಡುವ ಕೆಲಸವನ್ನು ಒಳನಾಡಿನಲ್ಲಿ ಮಾಡಬೇಕಾದರೆ ಎಷ್ಟು ದುಡಿಮೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ಮತ್ತೆ ಸೇಂಟ್ ಹೆಲೆನ್ಸ್ ಕಡೆಗೆ ಬರೋಣ. ಸ್ಫೋಟ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಮಲಗಿಸಿತು. ಪರ್ವತದ ಬುಡದ ಸ್ಪಿರಿಟ್ ಸರೋವರ ಅದುವರೆಗೆ ತಳ ಕಾಣುವಷ್ಟು ತಿಳಿಯಾಗಿ, ತಣ್ಣಗೆ ಇದ್ದದ್ದು. ಕುಸಿದ ಬೆಟ್ಟ ಅದರೊಳಗೆ ನುಗ್ಗಿ ನೀರಿನ ಮಟ್ಟವನ್ನು 60 ಮೀಟರ್‌ನಷ್ಟು ಮೇಲೆತ್ತಿತು. ಬಿಸಿ ಕಲ್ಲು, ಬೂದಿಯ ಜೊತೆಗೆ ಸಾವಿರಾರು ಮರ, ತೊಗಟೆ, ಎಲೆ, ಕಾಡಿನ ಮೇಲ್ಮಣ್ಣು ಒಂದೇ ಸಲ ಅದರೊಳಗೆ ಬಿದ್ದವು. ನೀರು 30 ಡಿಗ್ರಿ ಸೆಲ್ಸಿಯಸ್ ಮೀರಿ ಕಾದು, ಇಡೀ ಕಾಡಿನ ಕಷಾಯದಂತಾಯಿತು. ಬಣ್ಣ ಕಪ್ಪು. ಕರಗಿದ ಸಾವಯವ ಇಂಗಾಲ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಇದ್ದದ್ದು ನಲವತ್ತರ ಹತ್ತಿರ ಹೋಯಿತು. ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳು ಎಷ್ಟು ಹೆಚ್ಚಿದವೆಂದರೆ ಬೇಸಿಗೆ ಮುಗಿಯುವುದರೊಳಗೆ ನೀರಿನಲ್ಲಿ ಆಮ್ಲಜನಕವೇ ಇಲ್ಲದಾಯಿತು. ಆಮ್ಲಜನಕ ಇಲ್ಲದ ಕಡೆ ಕಬ್ಬಿಣವೂ ಮ್ಯಾಂಗನೀಸೂ ಕಲ್ಲು ಬಿಟ್ಟು ನೀರಿಗಿಳಿಯುತ್ತವೆ, ಹಾಗೆಯೇ ಆಯಿತು. ಮೀಥೇನ್, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗುಳ್ಳೆಗಳು ಎದ್ದವು. ಆ ಸೀಮೆಯ ನೀರಿನಲ್ಲಿ ಕಂಡ ಒಂದು ಹೊಸ ಬ್ಯಾಕ್ಟೀರಿಯಾಕ್ಕೆ ಲೀಜಿಯೊನೆಲ್ಲ ಸೇಂಟ್‌ಹೆಲೆನ್ಸಿ ಎಂದೇ ಹೆಸರಿಟ್ಟರು. ನ್ಯುಮೋನಿಯಾ ತರುವ ಕುಲಕ್ಕೆ ಸೇರಿದ್ದು ಅದು.

ಇಷ್ಟೆಲ್ಲ ಆದದ್ದರಲ್ಲಿ ಆಮ್ಲದ ಪಾತ್ರ ಸಣ್ಣದು ಎಂಬುದನ್ನು ಗಮನಿಸಬೇಕು. ಸರೋವರವನ್ನು ಉಸಿರುಗಟ್ಟಿಸಿದ್ದು ಬೆಟ್ಟದ ಒಡಲಿನ ಗಂಧಕಕ್ಕಿಂತ ಬೆಟ್ಟದ ಮೇಲಿದ್ದ ಕಾಡು. ಜ್ವಾಲಾಮುಖಿ ಸಿಡಿದ ಮೇಲೆ ನೀರಿಗೆ ಏನಾಗುತ್ತದೆ ಎಂದು ಕೇಳುವಾಗ, ಅದರ ದಾರಿಯಲ್ಲಿ ಏನಿತ್ತು ಎಂದೂ ಕೇಳಬೇಕು.

ಕುಸಿತ ಸರೋವರದ ಹೊರಹರಿವನ್ನು ಮುಚ್ಚಿಬಿಟ್ಟಿದ್ದರಿಂದ ಆ ಕಪ್ಪುನೀರು ನೇರವಾಗಿ ಕಡಲಿನತ್ತ ಹೋಗಲಿಲ್ಲ. ಕಟ್ಟೆಯೊಡೆದರೆ ಕೆಳಗಿನ ಊರುಗಳು ಕೊಚ್ಚಿಹೋಗುತ್ತವೆ ಎಂಬ ಭಯದಿಂದ ಮೊದಲು ಪಂಪು ಹಾಕಿ, 1985ರಲ್ಲಿ ಸುರಂಗ ಕೊರೆದು ನೀರನ್ನು ಹದವಾಗಿ ಹೊರಬಿಟ್ಟರು. ಅಷ್ಟರಲ್ಲಿ ಚಳಿಗಾಲದ ಗಾಳಿ, ಹೊಸ ಮಳೆನೀರು ಸರೋವರವನ್ನು ಕಲಕಿ ಆಮ್ಲಜನಕವನ್ನು ಮರಳಿ ತಂದಿದ್ದವು. ಸಿಡಿದ ದಿನವೇ ಟೂಟಲ್ ನದಿಯಲ್ಲಿ ಇಳಿದ ಕೆಸರಿಗೆ ಇಂಥ ಬಿಡುವು ಸಿಗಲಿಲ್ಲ. ಕೌಲಿಟ್ಜ್ ನದಿಯ ಪಾತ್ರ ತುಂಬಿ, ಕ್ಯಾಸಲ್ ರಾಕ್ ಪಟ್ಟಣದ ಬಳಿ ಅದು ಹೊರಬಲ್ಲ ನೀರು ಮೊದಲಿನ ಐದನೇ ಒಂದು ಭಾಗಕ್ಕೆ ಇಳಿಯಿತು. ಉಳಿದ ಹೂಳು ಕೊಲಂಬಿಯಾಕ್ಕೆ.

ಕೊಲಂಬಿಯಾ ಸೆಕೆಂಡಿಗೆ ಸರಾಸರಿ 7,500 ಘನಮೀಟರ್ ನೀರು ಸಾಗಿಸುವ ನದಿ. ಮೇ ತಿಂಗಳೆಂದರೆ ಹಿಮ ಕರಗಿ ಅದು ಉಕ್ಕುವ ಕಾಲ. ಕರಗಿದ ಲವಣ, ಆಮ್ಲಗಳನ್ನು ಈ ಅಗಾಧ ಹರಿವು ತೆಳುವಾಗಿಸಿಬಿಟ್ಟಿತು. ಕರಗದೆ ಉಳಿದದ್ದನ್ನು ತೆಳುವಾಗಿಸಲು ಅದಕ್ಕೂ ಆಗಲಿಲ್ಲ. ದಪ್ಪ ಮರಳು ಹಡಗಿನ ದಾರಿಯಲ್ಲಿ ಕುಳಿತರೆ, ನುಣ್ಣನೆಯ ಬೂದಿ ತೇಲುತ್ತ ನದಿಯ ಬಾಯಿಯ ಹತ್ತಿರದ ಅಸ್ಟೋರಿಯಾ ಪಟ್ಟಣದ ಕಡೆಯ ಉಪ್ಪುನೀರಿನವರೆಗೆ ಹೋಯಿತು. ಅಲ್ಲಿ ಶಾಲ್ಕೊವಿಟ್ಜ್ ಪ್ರಯೋಗದ ಗಾಜಿನ ಪಾತ್ರೆಯಲ್ಲಿ ನಡೆದದ್ದೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ನುಣುಪು ಕಣಗಳು ಗುಂಪುಗೂಡಿ ಇಳಿಯುತ್ತವೆ, ತಳದ ಉಬ್ಬರದ ಸೆಳೆತ ಅವನ್ನು ಮತ್ತೆ ಮೇಲಕ್ಕೆ ತರುತ್ತದೆ, ಇಳಿತ ಕೆಳಕ್ಕೆ ಒಯ್ಯುತ್ತದೆ. ಹೊಳೆಯ ನೀರು ವಾರದೊಳಗೆ ಕಡಲು ಸೇರಿದರೂ ಈ ಕಣಗಳು ವಾರಗಟ್ಟಲೆ ಅಳಿವೆಯಲ್ಲೇ ಸುತ್ತುತ್ತಿರುತ್ತವೆ.

ಅಳಿವೆಯ ತಳದ ಕೆಸರಿನಲ್ಲಿ ಕೊರೊಫಿಯಂ ಎಂಬ ಸಿಗಡಿಯ ಬಂಧು, ಸೆಂಟಿಮೀಟರ್ ಉದ್ದವೂ ಇಲ್ಲದ ಜೀವಿ, ಕೊಳವೆ ತೋಡಿಕೊಂಡು ಬದುಕುತ್ತದೆ. ಕಡಲಿಗೆ ಹೊರಟ ಸಾಲ್ಮನ್ ಮರಿಗಳಿಗೆ ಅದೇ ಮುಖ್ಯ ಆಹಾರ. ಹೊಸ ಬೂದಿ ಅವುಗಳ ಮನೆಯ ಮೇಲೆ ಕೂತಿತು. ಸ್ಫೋಟದ ಆಮೇಲೆ ಸಾಲ್ಮನ್ ಮರಿಗಳ ಹೊಟ್ಟೆ ಪರೀಕ್ಷಿಸಿದವರು ಅವುಗಳ ಆಹಾರವೇ ಬದಲಾದದ್ದನ್ನು ಕಂಡರು. ಈ ಮರಿಗಳು ಕಣ್ಣಿನಿಂದ ಬೇಟೆಯಾಡುವಂಥವು. ಕದಡಿದ ನೀರಿನಲ್ಲಿ ಬೇಟೆ ಇದ್ದರೂ ಕಾಣಿಸುವುದಿಲ್ಲ. ಕಡಲಿನಿಂದ ಹಿಂದಿರುಗುವ ದೊಡ್ಡ ಮೀನುಗಳ ಪಾಡು ಇನ್ನೊಂದು ಬಗೆಯದು. ತಾನು ಹುಟ್ಟಿದ ತೊರೆಯನ್ನು ಸಾಲ್ಮನ್ ಗುರುತಿಸುವುದು ನೀರಿನ ವಾಸನೆಯಿಂದ, ಅಂದರೆ ಅದರಲ್ಲಿ ಕರಗಿದ ವಸ್ತುಗಳ ಸೂಕ್ಷ್ಮ ಮಿಶ್ರಣದಿಂದ. ಆ ವರ್ಷಗಳಲ್ಲಿ ಟೂಟಲ್ ನದಿಗೆ ಮರಳಬೇಕಿದ್ದ, ಸಾಲ್ಮನ್ನಿನ ಬಂಧುಗಳಾದ ಸ್ಟೀಲ್‌ಹೆಡ್ ಮೀನುಗಳು ಪಕ್ಕದ ಕಲಾಮಾ ನದಿಯಲ್ಲಿ ಹೆಚ್ಚಾಗಿ ಕಾಣಿಸಿಕೊಂಡವು. ಹಾಳಾದ ಮರಿಸಾಕಣೆ ಕೇಂದ್ರಗಳಲ್ಲಿ ಸತ್ತ ಸಾಲ್ಮನ್ ಮರಿಗಳು 1 ಕೋಟಿ 20 ಲಕ್ಷ ಎಂದು ಅಂದಾಜು. ಮಾಲು ನಷ್ಟದ ಪಟ್ಟಿಯಲ್ಲಿ ಇದೊಂದು ಅಂಕಿ. ಅಳಿವೆಯಿಂದ ಹೊಟ್ಟೆ ಹೊರೆಯುವ ಮೀನುಗಾರರಿಗೆ ಅದು ಮುಂದಿನ ಮೂರು ನಾಲ್ಕು ವರ್ಷಗಳ ದುಡಿಮೆ.

ಹೂಳಿನ ರಸಾಯನ ಇಲ್ಲಿಗೆ ಮುಗಿಯುವುದಿಲ್ಲ. ತಳಕ್ಕಿಳಿದ ಕಬ್ಬಿಣದ ಹೈಡ್ರಾಕ್ಸೈಡ್ ತನ್ನ ಮೈಗೆ ರಂಜಕವನ್ನು ಅಂಟಿಸಿಕೊಂಡಿರುತ್ತದೆ. ಮೇಲೆ ಮತ್ತೊಂದು ಪದರ ಹೂಳು ಬಿದ್ದು ಆಮ್ಲಜನಕ ಒಳಗೆ ಹೋಗದಾದಾಗ ಕಬ್ಬಿಣ ಮತ್ತೆ ಕರಗುತ್ತದೆ, ರಂಜಕ ಬಿಡುಗಡೆಯಾಗುತ್ತದೆ. ತಿಂಗಳುಗಳ ಹಿಂದೆ ಹೊಳೆ ತಂದದ್ದು ಆಗ ತಳದಿಂದ ಮೇಲೇಳುತ್ತದೆ. ಇತ್ತ ಬೂದಿಯ ಗಾಜು ನಿಧಾನವಾಗಿ ಕರಗುತ್ತ ಸಿಲಿಕಾ ಕೊಡುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ತಮ್ಮ ಚಿಪ್ಪು ಕಟ್ಟಿಕೊಳ್ಳುವುದು ಆ ಸಿಲಿಕಾದಿಂದಲೇ. ಹಾಗಾಗಿ ಬೂದಿ ಕೊಲ್ಲುವಂತೆ ಬೆಳೆಸಲೂ ಬಲ್ಲದು. 2008ರ ಆಗಸ್ಟಿನಲ್ಲಿ ಅಲಾಸ್ಕಾದ ಕಸಾಟೋಚಿ ದ್ವೀಪ ಸಿಡಿದಾಗ ಬೂದಿಯ ಕಬ್ಬಿಣ ಸಿಕ್ಕಿ ಈಶಾನ್ಯ ಪೆಸಿಫಿಕ್ಕಿನ ವಿಶಾಲ ಪ್ರದೇಶದಲ್ಲಿ ಪ್ಲವಕಗಳು ಹುಲುಸಾಗಿ ಬೆಳೆದವು. ಕಬ್ಬಿಣಕ್ಕೇ ಕೊರತೆಯಿರುವ ಕಡಲು ಅದು. ಅಳಿವೆಗಳಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ, ಬೆಳಕಿಗೆ ಕೊರತೆ. ಚಿಲಿ ದೇಶದ ಕಲ್ಬುಕೊ ಜ್ವಾಲಾಮುಖಿ 2015ರ ಏಪ್ರಿಲ್ 22ರಂದು ಸಿಡಿದ ಮೇಲೆ ಹತ್ತಿರದ ರೆಲೊಂಕಾವಿ ಫಿಯೋರ್ಡ್‌ನ ನೀರನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಹೊಳೆಗಳು ಬೂದಿ ತಂದು ಸುರಿದರೂ ಕಡಲ ನೀರಿನ ಕ್ಷಾರತೆಯಲ್ಲಿ ಆದ ಬದಲಾವಣೆ ಅಲ್ಪ. ಕಡಲು ಆಮ್ಲವನ್ನು ಹೇಗೆ ನುಂಗಿಕೊಳ್ಳುತ್ತದೆ ಎಂಬ ನಮ್ಮ ಲೆಕ್ಕಕ್ಕೆ ಇದು ಒಪ್ಪುತ್ತದೆ. ಅದೇ ದೇಶದ ಚೈತೆನ್ ಪಟ್ಟಣಕ್ಕೆ 2008ರಲ್ಲಿ ಹತ್ತಿರದ ಜ್ವಾಲಾಮುಖಿ ಸಿಡಿದಾಗ ಬಂದ ಕೇಡು ಹೂಳಿನದು. ಬೂದಿ ತುಂಬಿದ ರಿಯೊ ಬ್ಲಾಂಕೊ ಹೊಳೆ ತನ್ನ ಪಾತ್ರ ಬಿಟ್ಟು ಊರ ನಡುವೆ ಹೊಸ ದಾರಿ ಕೊರೆದು ಸಮುದ್ರ ಸೇರಿತು. ಅಳಿವೆಯ ಬಾಯೇ ಜಾಗ ಬದಲಿಸಿತು.

ಕರ್ನಾಟಕದಲ್ಲಿ ಸಿಡಿಯುವ ಪರ್ವತಗಳಿಲ್ಲ. ಜ್ವಾಲಾಮುಖಿಯ ಬೂದಿ ಮಾತ್ರ ನಮ್ಮ ಹೊಳೆಗಳಿಗೂ ಬಿದ್ದಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಸಿಡಿದಾಗ ಎದ್ದ ಬೂದಿ ಬಂಗಾಳ ಕೊಲ್ಲಿಯ ತಳದಲ್ಲೂ ದಖ್ಖನಿನ ಕಣಿವೆಗಳಲ್ಲೂ ಇಂದಿಗೂ ಸಿಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಪುರಾತತ್ವಜ್ಞ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಅಗೆದು ಈ ಬೂದಿಯ ಮೇಲೂ ಕೆಳಗೂ ಆದಿಮಾನವರ ಕಲ್ಲಿನ ಉಪಕರಣಗಳನ್ನು ಕಂಡು 2007ರಲ್ಲಿ ಪ್ರಕಟಿಸಿದರು. ಅಲ್ಲಿ ಬೂದಿಯ ಪದರ ಎರಡು ಮೀಟರಿಗೂ ದಪ್ಪ. ಆಕಾಶದಿಂದ ಬಿದ್ದದ್ದು ಕೆಲವೇ ಸೆಂಟಿಮೀಟರ್. ಉಳಿದದ್ದೆಲ್ಲ ಸುತ್ತಲ ಇಳಿಜಾರುಗಳಿಂದ ಮಳೆ ತೊಳೆದು ತಂದು ಕಣಿವೆಯ ತಗ್ಗಿನಲ್ಲಿ ಕೂಡಿಟ್ಟದ್ದು. ಬೂದಿ ಬಿದ್ದ ದಿನಕ್ಕಿಂತ ಆಮೇಲಿನ ಮಳೆಗಾಲಗಳೇ ಹೊಳೆಗೆ ಹೆಚ್ಚು ಹೊರೆ ಹೇರುತ್ತವೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಸಾಕ್ಷಿ ಬೇಕಿಲ್ಲ.

ಅದಕ್ಕೂ ಹಳೆಯ ಕತೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಎರೆಭೂಮಿಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದಿದೆ. ಆ ಕಪ್ಪು ಬಸಾಲ್ಟ್ ಶಿಲೆ ಮಳೆಗೆ ಬೇಗ ಕರಗುವಂಥದ್ದು. ಮಳೆನೀರಿನ ಕಾರ್ಬನ್ ಡೈಆಕ್ಸೈಡ್ ಶಿಲೆಯ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿಕೊಂಡು ಬೈಕಾರ್ಬೊನೇಟ್ ಆಗಿ ಭೀಮಾ, ಕೃಷ್ಣೆಯರಲ್ಲಿ ಸೇರುತ್ತದೆ. ಕೃಷ್ಣೆ ಬಂಗಾಳ ಕೊಲ್ಲಿಗೆ ಒಯ್ಯುವ ಕ್ಷಾರದಲ್ಲಿ ಒಂದು ಪಾಲು ಈ ಲಾವಾದ್ದು. ಜಗತ್ತಿನ ನೆಲದಲ್ಲಿ ಬಸಾಲ್ಟಿನ ಪಾಲು ನೂರಕ್ಕೆ ಐದಕ್ಕೂ ಕಡಿಮೆ. ಸಿಲಿಕೇಟ್ ಶಿಲೆಗಳು ಸವೆಯುತ್ತ ಗಾಳಿಯಿಂದ ಹೀರಿಕೊಳ್ಳುವ ಕಾರ್ಬನ್ ಡೈಆಕ್ಸೈಡಿನಲ್ಲಿ ಅದರ ಪಾಲು ಮೂವತ್ತರ ಆಸುಪಾಸು ಎಂದು ಅಂದಾಜಿಸಿದ್ದಾರೆ. ಸಿಡಿದ ದಿನ ಹೊಳೆಗೆ ಆಮ್ಲ ಸುರಿಯುವ ಜ್ವಾಲಾಮುಖಿಯೇ ಕಾಲಾನಂತರ ಅದೇ ಹೊಳೆಯ ಮೂಲಕ ಕಡಲಿಗೆ ಆಮ್ಲ ತಡೆಯುವ ಶಕ್ತಿಯನ್ನು ತುಂಬುತ್ತದೆ. ಜಾವಾದ ಕಡಲ ನೀರು ಇಜೆನ್ನಿನ ಆಮ್ಲವನ್ನು ತಡೆದುಕೊಳ್ಳುವುದು ಕೂಡ ಇಂಥ ಶಿಲೆಗಳೂ ಸೇರಿ ಬಹುಕಾಲದಿಂದ ಕಳಿಸಿಕೊಟ್ಟ ಬೈಕಾರ್ಬೊನೇಟಿನ ಬಲದಿಂದ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಅಚ್ಚರಿ ಹುಟ್ಟಿಸುವುದು ಇದೇ.

ಕೃಷ್ಣೆಯ ಹೂಳು ಈಗ ಬಹುಪಾಲು ಅಣೆಕಟ್ಟುಗಳ ಹಿಂದೆಯೇ ನಿಲ್ಲುತ್ತದೆ, ಕರಗಿದ ಬೈಕಾರ್ಬೊನೇಟ್ ದಾಟಿಹೋಗುತ್ತದೆ. ಅಮೆರಿಕದವರು ಟೂಟಲ್ ನದಿಗೆ ಬೇಕೆಂದೇ ಇಂಥದ್ದೊಂದನ್ನು ಕಟ್ಟಬೇಕಾಯಿತು. ಸ್ಫೋಟದ ಗಾಳಿ ಮಾತ್ರ ತಾಗಿದ ಕಣಿವೆಗಳ ಹೊಳೆಗಳು ಐದು ವರ್ಷದೊಳಗೆ ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂದಿದ್ದವು. ಬೆಟ್ಟ ಕುಸಿದುಬಿದ್ದ ಕಣಿವೆಯ ಹೊಳೆಯಲ್ಲಿ ಇಪ್ಪತ್ತು ವರ್ಷ ಕಳೆದರೂ ತೇಲುವ ಹೂಳಿನ ಪ್ರಮಾಣ ಸಾಮಾನ್ಯಕ್ಕಿಂತ ನೂರು ಪಟ್ಟು ಹೆಚ್ಚಿತ್ತು. ಆ ಹೂಳು ಕೌಲಿಟ್ಜ್ ದಂಡೆಯ ಊರುಗಳಿಗೂ ಕೊಲಂಬಿಯಾದ ಅಳಿವೆಗೂ ಹೋಗದಂತೆ ತಡೆಯಲು ಅಲ್ಲಿನ ಸೇನೆಯ ಎಂಜಿನಿಯರುಗಳು 1989ರಲ್ಲಿ ಎತ್ತರದ ಒಡ್ಡು ಕಟ್ಟಿ ಮುಗಿಸಿದರು. ಹತ್ತು ವರ್ಷದೊಳಗೆ ಅದರ ಹಿಂದೆ ಹೂಳು ತುಂಬಿ ಹೊಳೆ ಕೋಡಿಯ ಮೇಲೆ ಹರಿಯತೊಡಗಿತು. 2012ರಲ್ಲಿ ಕೋಡಿಯನ್ನು ಇನ್ನೂ ಎರಡು ಮೀಟರ್ ಏರಿಸಿದರು. ಒಡ್ಡು ದಾಟಿ ಮೇಲೆ ಹೋಗಲಾರದ ಸಾಲ್ಮನ್, ಸ್ಟೀಲ್‌ಹೆಡ್ ಮೀನುಗಳನ್ನು ಅದರ ಕೆಳಗೆ ಹಿಡಿದು, ಲಾರಿಯಲ್ಲಿ ತುಂಬಿ, ಮೇಲಿನ ತೊರೆಗಳಿಗೆ ಒಯ್ದು ಬಿಡುತ್ತಾರೆ.